ಕಾಲುಚೀಲದ ಲವಕುಶರು

ಒಗೆದ ಬಟ್ಟೆ ಮಡಚುವ ಕೆಲಸ ನಮ್ಮ ಮನೆಯಲ್ಲಿ ಅಪ್ಪನದು. ನಾವು ವಹಿಸಿದ್ದಲ್ಲ, ಬಂದ ಎರಡನೆಯ ದಿನವೇ ಅವರಾಗಿ ಹಿಡಿದುಕೊಂಡದ್ದು. ಅವ್ವ ಹೋದ ಮೇಲೆ ಅವರು ಅರ್ಧ ವರ್ಷ ಗದಗಿನಲ್ಲಿ ಅಣ್ಣನ ಹತ್ತಿರ, ಅರ್ಧ ವರ್ಷ ಇಲ್ಲಿ ಪರದೇಶದ ಬಾಥೆಲ್ ಎಂಬ ಊರಿನಲ್ಲಿ ನನ್ನ ಹತ್ತಿರ ಇರುತ್ತಾರೆ. ಜೀವಮಾನವಿಡೀ ಲಗ್ನಪತ್ರಿಕೆ ಮಡಚಿದ ಕೈ ಅದು. ಡ್ರೈಯರಿನಿಂದ ಬಂದ ಬಿಸಿ ಬಟ್ಟೆಯನ್ನು ಸೋಫಾದ ಮೇಲೆ ಸುರಿದುಕೊಂಡು, ಅಂಚಿಗೆ ಅಂಚು ಕೂಡಿಸಿ, ಹೆಬ್ಬೆರಳ ಉಗುರಿನಿಂದ ಗೆರೆ ಎಳೆದು ಮಡಚುತ್ತಾರೆ. ನಮ್ಮ ಯಜಮಾನರ ಟೀ ಶರ್ಟುಗಳನ್ನು ಈಗ ಲಕೋಟೆಗೆ ಹಾಕಿ ಅಂಚೆಗೆ ಕೊಡಬಹುದು, ಅಷ್ಟು ಚೊಕ್ಕ.

ಹೋದ ತಿಂಗಳು ಒಂದು ಶನಿವಾರ ಹೀಗೆ ಮಡಚುತ್ತಿದ್ದವರು ಒಂದು ಕಾಲುಚೀಲ ಎತ್ತಿ ಹಿಡಿದು ಸುಮ್ಮನೆ ಕುಳಿತುಬಿಟ್ಟರು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಜೋಡಿ ಸಿಕ್ಕಿಲ್ಲ ಎಂದುಕೊಂಡೆ. ಕಾಲುಚೀಲದ ಜೋಡಿ ಸಿಗದಿರುವುದು ಈ ದೇಶದಲ್ಲಿ ದೊಡ್ಡ ಸುದ್ದಿಯೇನಲ್ಲ.

"ಯವ್ವಾ, ಇಲ್ಲಿ ಬಾ. ಇವು ನಮ್ಮ ಲವಕುಶ ಅಲ್ಲೇನು?"

ಹೋಗಿ ನೋಡಿದೆ. ಮಗಳು ಅನಘಾ ಮಾಲ್‌ನಿಂದ ತಂದ ತಿಳಿನೀಲಿ ಬಣ್ಣದ ಕಾಲುಚೀಲ. ಹಿಮ್ಮಡಿಯ ಮೇಲ್ಭಾಗದಲ್ಲಿ ಇಬ್ಬರು ಪುಟ್ಟ ಮಕ್ಕಳು. ಕಟ್ಟೆಯಂಥದರ ಮೇಲೆ ಮೊಣಕೈ ಊರಿದ್ದಾರೆ. ಒಬ್ಬನು ಗಲ್ಲಕ್ಕೆ ಕೈ ಕೊಟ್ಟಿದ್ದಾನೆ, ಇನ್ನೊಬ್ಬನು ಕೈಕಟ್ಟಿ ಅದರ ಮೇಲೆ ಗದ್ದ ಇಟ್ಟಿದ್ದಾನೆ. ಇಬ್ಬರ ಕಣ್ಣೂ ಮೇಲಕ್ಕೆ. ಪಾಠ ಮುಗಿಯುವುದನ್ನೇ ಕಾಯುತ್ತಿರುವ ಮಕ್ಕಳ ಮುಖ. ನೀವೂ ನೋಡಿರುತ್ತೀರಿ. ಬಿಸ್ಕತ್ತಿನ ಡಬ್ಬಿಯ ಮೇಲೆ, ಚಹಾದ ಕಪ್ಪಿನ ಮೇಲೆ, ಗ್ರೀಟಿಂಗ್ ಕಾರ್ಡಿನ ಮೇಲೆ ಅವರು ಎಲ್ಲ ಕಡೆ ಇದ್ದಾರೆ.

"ಕಾಲಿಗೆ ಹಾಕ್ಕೊಳ್ಳತಾರ?" ಎಂದರು ಅಪ್ಪ. "ಲವಕುಶನ್ನ?"

ಅನಘಾ ಫೋನಿನಿಂದ ತಲೆ ಎತ್ತಿದಳು. "ಅಜ್ಜಾ, ದೇ ಆರ್ ಜಸ್ಟ್ ಸಾಕ್ಸ್. ಇಟ್ಸ್ ಲೈಕ್, ಅ ಸೂಪರ್ ಫೇಮಸ್ ಪೇಂಟಿಂಗ್."

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ರೆಕ್ಕಿ ಅದಾವ ಇವಕ್ಕ" ಎಂದು ತಮಗೇ ಹೇಳಿಕೊಂಡು, ಆ ಜೋಡಿಯನ್ನು ಮಡಚದೆ ಪಕ್ಕಕ್ಕಿಟ್ಟು ಮುಂದಿನ ಬಟ್ಟೆಗೆ ಕೈ ಹಾಕಿದರು.

ಇಷ್ಟೇ ನಡೆದದ್ದು. ಆದರೆ ನನಗೆ ಈರುಳ್ಳಿ ಹೆಚ್ಚಲು ಆಗಲಿಲ್ಲ. ಕಾರಣ ಹೇಳಬೇಕೆಂದರೆ ನಿಮ್ಮನ್ನು ಗದಗಿನ ನಮ್ಮ ಮನೆಯ ಮುಂದಿನ ಕೋಣೆಗೆ ಕರೆದೊಯ್ಯಬೇಕು.

ಆ ಕೋಣೆಯೇ ಪ್ರೆಸ್ಸು. ಬೋರ್ಡಿನ ಮೇಲೆ ಯಾವುದೋ ದೇವರ ಉದ್ದನೆಯ ಹೆಸರಿತ್ತು, ಅದನ್ನು ಯಾರೂ ಬಳಸಲಿಲ್ಲ. ಊರಿಗೆಲ್ಲ ಅದು 'ಲವಕುಶ ಪ್ರೆಸ್ಸು'. ಕಾಲಿನಿಂದ ತುಳಿಯುವ ಟ್ರೆಡಲ್ ಮಷೀನು, ಗೋಡೆಗೆ ಒರಗಿದ ಅಚ್ಚುಮೊಳೆಯ ಕೇಸುಗಳು, ಸೀಮೆಎಣ್ಣೆ ಮತ್ತು ಮಸಿ ಸೇರಿದ ವಾಸನೆ. ಅಲ್ಲಿ ಬೆಳೆದ ನಾನು ನೆಟ್ಟಗಿನ ಅಕ್ಷರಕ್ಕಿಂತ ಮೊದಲು ತಿರುಗುಮುರುಗಿನ ಅಕ್ಷರ ಕಲಿತೆ. ಒಂದನೇ ಇಯತ್ತೆಯಲ್ಲಿ ಪಾಟಿಯ ಮೇಲೆ 'ಅ' ಬರೆದಾಗ ಬಾಯಿ ಎಡಕ್ಕೋ ಬಲಕ್ಕೋ ಎಂಬುದರಲ್ಲಿ ಅಕ್ಕೋರಿಗೂ ನನಗೂ ಭಿನ್ನಾಭಿಪ್ರಾಯವಿತ್ತು. ಈ ವಿದ್ಯೆ ಪೂರ್ತಿ ವ್ಯರ್ಥವಾಗಿಲ್ಲ. ಇವತ್ತಿಗೂ ಹೆದ್ದಾರಿಯಲ್ಲಿ ಆಂಬುಲೆನ್ಸ್ ಬಂದರೆ ಅದರ ಮೂತಿಯ ಮೇಲಿನ ಅಕ್ಷರಗಳನ್ನು ಕನ್ನಡಿಯ ಸಹಾಯವಿಲ್ಲದೆ ಓದಬಲ್ಲೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಇನ್ನೂ ಪ್ರಮೋಷನ್ ಸಿಕ್ಕಿಲ್ಲ.

ಕಿಟಕಿಯ ಕೆಳಗೆ ಬ್ಲಾಕುಗಳ ಪೆಟ್ಟಿಗೆ. ಮರದ ತುಂಡಿನ ಮೇಲೆ ಮೊಳೆ ಹೊಡೆದು ಕೂರಿಸಿದ ಸತುವಿನ ಚಿತ್ರಗಳು. ಮೂರು ಅಳತೆಯ ಗಣಪತಿ, ಕಳಸ, ಕೂಡಿಕೊಂಡ ಎರಡು ಕೈ, ತೊಟ್ಟಿಲು. ಅವೆಲ್ಲ ಬೇರೆ ಪ್ರೆಸ್ಸುಗಳಲ್ಲೂ ಇದ್ದವು. ನಮ್ಮಲ್ಲಿ ಮಾತ್ರ ಇದ್ದದ್ದು ಮೊಣಕೈ ಊರಿದ ಈ ಇಬ್ಬರು ಮಕ್ಕಳದು, ರೆಕ್ಕೆ ಇಲ್ಲದ್ದು. ಹೆಸರಿಡುವ ಕಾರ್ಡು, ಮೊದಲ ಕೂದಲು ತೆಗೆಸುವ ಜಾವಳದ ಕಾರ್ಡು ಏನೇ ಇರಲಿ, ಗಿರಾಕಿ ಬಾಗಿಲಲ್ಲೇ ಹೇಳುವನು: "ಲವಕುಶ ಹಾಕ್ರಿ ಮತ್ತ." ಹೊಸಬರಾದರೆ ಕೇಳುವರು: "ಯಾರ ತಗದದ್ದರೀ ಈ ಚಿತ್ರಾ?"

ಅಪ್ಪ ಮಷೀನಿನಿಂದ ಕಣ್ಣೆತ್ತದೆ ಹೇಳುವರು: "ನಾನ ತಗದದ್ದು."

ತೆಂಕಣ ಸೀಮೆಯ ಓದುಗರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಚಿತ್ರ ಬರೆಯುವುದಿಲ್ಲ, ತೆಗೆಯುತ್ತೇವೆ. 'ಹುಡುಗಿ ಚಿತ್ರಾ ಚಲೋ ತಗೀತಾಳ' ಎಂದರೆ ಕುಂಚ ಹಿಡಿದು ಬರೆಯುತ್ತಾಳೆ ಎಂದರ್ಥ. ನಮ್ಮ ಯಜಮಾನರು ಮೈಸೂರಿನವರು. ಮದುವೆಯಾದ ಹೊಸತರಲ್ಲಿ "ನನ್ನ ಚಿತ್ರ ತೆಗೀತೀರಾ?" ಎಂದು ಕೇಳಿದರೆ ಕ್ಯಾಮೆರಾ ಹುಡುಕುತ್ತಿದ್ದರು, ಒಮ್ಮೆಯಂತೂ ಗೋಡೆಯ ಮೊಳೆಯಿಂದ ಫೋಟೋ ಇಳಿಸಿದರು. ಅವರ ಕಡೆ ಚಿತ್ರವನ್ನು 'ಬಿಡಿಸುತ್ತಾರೆ'. ಯಾರ ಸೆರೆಯಿಂದಲೋ ಕೇಳಿದರೆ ಉತ್ತರವಿಲ್ಲ.

ಹೀಗೆ ಲವಕುಶರನ್ನು ತೆಗೆದವರು ಎಂದು ಅಪ್ಪನಿಗೆ ಊರಿನಲ್ಲಿ ದೊಡ್ಡ ಹೆಸರು. ಶಾಲೆಗಳ ಚಿತ್ರಕಲಾ ಸ್ಪರ್ಧೆಗೆ ಅವರೇ ಪರೀಕ್ಷಕರು. ಹೋಗಿ ಶಾಲು ಹೊದೆಸಿಕೊಂಡು, ಎಲ್ಲ ಮಕ್ಕಳ ಚಿತ್ರದ ಮುಂದೆಯೂ "ಭಾಳ ಚಲೋ ಐತಿ" ಎಂದು ಬರುವರು. ಮನೆಯಲ್ಲಿ ಮಾತ್ರ ಅವರು ಪೆನ್ಸಿಲ್ ಹಿಡಿದದ್ದನ್ನು ನಾನು ಕಂಡಿಲ್ಲ. ವಿಜ್ಞಾನದ ವಹಿಯಲ್ಲಿ ದಾಸವಾಳದ ಹೂವು ತೆಗೆದುಕೊಡಿ ಎಂದು ಗೋಗರೆದರೆ, "ನಾ ತಗದರ ನೀ ಏನ ಕಲತಂಗಾತು?" ಎಂದು ಎದ್ದುಹೋಗುವರು. ಎಂಥ ತತ್ವನಿಷ್ಠ ಮನುಷ್ಯ ಎಂದು ನನಗೆ ಹೆಮ್ಮೆ. ನಾನೇ ತೆಗೆದ ದಾಸವಾಳವನ್ನು ಸರ್ ಕೋಸುಗಡ್ಡೆ ಎಂದು ತಿಳಿದು ಅರ್ಧ ಅಂಕ ಕೊಟ್ಟರು.

ನನ್ನ ಹೆಮ್ಮೆಗೆ ಇನ್ನೊಂದು ಕಾರಣವಿತ್ತು. ಚಿತ್ರದಲ್ಲಿ ಗಲ್ಲಕ್ಕೆ ಕೈ ಕೊಟ್ಟವಳು ನಾನೇ! ಕೈಕಟ್ಟಿದವನು ಅಣ್ಣ. "ನೀವಿಬ್ಬರೂ ಕಂಪೋಸಿಂಗ್ ಟೇಬಲ್ಲಿಗೆ ಮೊಣಕೈ ಹಚ್ಚಿ ಕುಂತದ್ದ ನೋಡೇ ನಿಮ್ಮಪ್ಪ ತಗದಾನ" ಎಂದು ಅವ್ವ ಹೇಳುತ್ತಿದ್ದಳು. ಊರಿನ ಅರ್ಧದಷ್ಟು ಮನೆಗಳ ಹೆಸರಿಡುವ ಕಾರ್ಡಿನ ಮೇಲೆ ನಾನಿದ್ದೇನೆ ಎಂದರೆ ಆ ವಯಸ್ಸಿನಲ್ಲಿ ನೆಲದ ಮೇಲೆ ಕಾಲು ನಿಲ್ಲುತ್ತದೆಯೇ? ಆರನೇ ಇಯತ್ತೆಯ ಗ್ರೂಪ್ ಫೋಟೋದಲ್ಲಿ ಎಲ್ಲರೂ ತೊಡೆಯ ಮೇಲೆ ಕೈ ಇಟ್ಟು ಕುಳಿತಿದ್ದರೆ ನಾನೊಬ್ಬಳೇ ಗಲ್ಲಕ್ಕೆ ಕೈ ಕೊಟ್ಟು ಮೋಡ ನೋಡುತ್ತಿದ್ದೇನೆ. ಹಲ್ಲುನೋವು ಬಂದಿತ್ತೇ ಎಂದು ಫೋಟೋ ನೋಡಿದವರು ಈಗಲೂ ಕೇಳುತ್ತಾರೆ.

ಅಂಥ ನಾನು ಇಲ್ಲಿ ಮಗಳ ಹಿಮ್ಮಡಿಯ ಮೇಲೆ ಇದ್ದೆ. ರೆಕ್ಕೆ ಸಮೇತ.

ಫೋನಿನಲ್ಲಿ ಹುಡುಕಿದೆ, ಎರಡು ನಿಮಿಷ ಹಿಡಿಯಲಿಲ್ಲ. ಐನೂರು ವರ್ಷದ ಹಿಂದಿನ ಇಟಲಿಯ ಒಬ್ಬ ಚಿತ್ರಗಾರ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವೂ ಫೋನ್ ಹಿಡಿಯುತ್ತೀರಿ, ನನ್ನ ಕಥೆ ಅಲ್ಲಿಗೇ ನಿಲ್ಲುತ್ತದೆ. ಅಪ್ಪ ಅವನನ್ನು 'ಇಟಲಿ ಮಾಸ್ತರ' ಎನ್ನುತ್ತಾರೆ, ನಾವೂ ಅಷ್ಟಕ್ಕೇ ಬಿಡೋಣ. ಅವನ ಚಿತ್ರ ಆಳೆತ್ತರಕ್ಕಿಂತ ದೊಡ್ಡದು. ನಡುವೆ ಮೋಡದ ಮೇಲೆ ಕೂಸನ್ನೆತ್ತಿಕೊಂಡ ತಾಯಿ, ಅಕ್ಕಪಕ್ಕದಲ್ಲಿ ಒಬ್ಬ ಮುದುಕ ಸಂತ, ಒಬ್ಬ ಸಂತ ಮಹಿಳೆ, ಎರಡು ಬದಿಗೆ ಸರಿಸಿದ ಹಸಿರು ಪರದೆ. ತೀರ ಕೆಳಗೆ, ಅಂಚಿನಲ್ಲಿ, ನಾನು ಮತ್ತು ಅಣ್ಣ.

ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಅಪ್ಪನ ಮೇಲೇ ಬಂತು. ಒಂದು ಕಾರ್ಡಿನ ಚಿತ್ರ ಯಾರದಾದರೆ ಏನು ಎಂದು ನೀವು ಕೇಳಬಹುದು. ಆದರೆ ನನಗೆ ಅಪ್ಪ ಎಂದರೆ ಲವಕುಶರನ್ನು ತೆಗೆದವರು. ಅದನ್ನು ಕಳೆದರೆ ಉಳಿಯುವುದೇನು ಎಂದು ಲೆಕ್ಕ ಹಾಕಲೂ ಹೆದರಿಕೆಯಾಯಿತು. ಅಣ್ಣನಿಗೆ ಕಾಲ್ ಮಾಡಿದೆ. ಅದೇ ಮುಂದಿನ ಕೋಣೆಯಲ್ಲಿ ಅವನು ಈಗ ಫ್ಲೆಕ್ಸ್ ಮುದ್ರಿಸುತ್ತಾನೆ.

"ನನಗ ಎಂದೋ ಗೊತ್ತಿತ್ತು" ಎಂದ. "ನಾ ದಿನಾ ನೆಟ್ಟಿನಿಂದ ಚಿತ್ರಾ ಇಳಸ್ತೀನಿ, ನನ್ನ ಕಣ್ಣಿಗೆ ಬೀಳಲಾರದ ಇರತದೇನು?"

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ಗಲ್ಲಕ್ಕ ಕೈ ಕೊಟ್ಟ ಕುಂದರ್ತಿದ್ದೆಲ್ಲ, ಅದನ್ನ ನೋಡಿ ಸುಮ್ಮನಾದೆ."

ಅಪ್ಪನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಲಾಗದ್ದನ್ನು ಓದಿ ತಿಳಿಯುವ ಕೆಟ್ಟ ಚಟ ನನಗಿದೆ. ಪಕ್ಕದ ಊರು ಶೋರ್‌ಲೈನ್‌ನ ಲೈಬ್ರರಿಯಲ್ಲಿ ಶನಿವಾರ ಬೆಳಿಗ್ಗೆ ಹಳೆಯ ಚಿತ್ರಕಲೆಯ ಬಗ್ಗೆ ಪಾಠ ಇರುತ್ತದೆಂದು ಗೊತ್ತಾಗಿ ಸೇರಿಕೊಂಡೆ. ಪಾಠ ಹೇಳುವವರು ಡೋರೀನ್ ಎಂಬ ನಿವೃತ್ತ ಟೀಚರ್. ತೆಳ್ಳಗಿನ ಎತ್ತರದ ಹೆಂಗಸು, ಸದಾ ಮಳೆಯ ಜಾಕೆಟ್ಟಿನಲ್ಲೇ ಇರುತ್ತಾರೆ, ಒಳಗೂ. ಕೇಳುವವರು ನಾವು ಏಳು ಜನ, ಅದರಲ್ಲಿ ಒಬ್ಬರು ನಿದ್ದೆಗೆಂದೇ ಬರುವವರು.

ಇಟಲಿ ಮಾಸ್ತರನ ಕಥೆ ಕೇಳಿ ನನ್ನ ಸಿಟ್ಟು ಒಂದಿಷ್ಟು ಇಳಿಯಿತು. ಅವನು ಚಿಕ್ಕ ವಯಸ್ಸಿಗೇ ತೀರಿಕೊಂಡನಂತೆ. ಸತ್ತ ಮೇಲೆ ತಲೆಮಾರುಗಟ್ಟಲೆ, ಚಿತ್ರ ಎಂದರೆ ಅವನದೇ ಎಂದು ದೇಶದೇಶಗಳ ಮಕ್ಕಳು ಅವನನ್ನು ನೋಡಿ ತಿದ್ದಿದರು. ಆಮೇಲೆ ಒಂದು ಕಾಲದ ಹುಡುಗರಿಗೆ ಸಾಕಾಯಿತು. ಇವನದು ಸಿಹಿ ಹೆಚ್ಚು, ನಮಗೆ ಇವನಿಗಿಂತ ಹಿಂದಿನವರೇ ಬೇಕು ಎಂದು ತಿರುಗಿಬಿದ್ದರು. ಅವನ ಜೊತೆಯವರ ಹೆಸರು ಏರಿದಂತೆ ಇವನದು ಇಳಿಯಿತು. ಅಷ್ಟರಲ್ಲಿ ಈ ಇಬ್ಬರು ಮಕ್ಕಳು ಚಿತ್ರದಿಂದ ಇಳಿದು ತಮ್ಮ ಪಾಡಿಗೆ ತಾವು ಊರು ಸುತ್ತಲು ಹೊರಟಿದ್ದರು.

"ಈಗ ಮಕ್ಕಳು ಎಲ್ಲರಿಗೂ ಗೊತ್ತು. ಅವರನ್ನು ಮಾಡಿದವನು ಯಾರೆಂದು ಕೇಳಿದರೆ ಜನ ತಡವರಿಸುತ್ತಾರೆ" ಎಂದು ಡೋರೀನ್ ತಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

ನಮ್ಮೂರಲ್ಲಿ ಯಾರೂ ತಡವರಿಸುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಪಾಪ, ಆ ಮಾಸ್ತರ ಕಷ್ಟಪಟ್ಟು ಬಣ್ಣ ಹಚ್ಚಿದ್ದು, ಗದಗಿನಲ್ಲಿ ಶಾಲು ಹೊದ್ದದ್ದು ನಮ್ಮಪ್ಪ.

ಇದು ಇಲ್ಲಿಗೇ ಮುಗಿಯುತ್ತಿತ್ತು. ನಾನು ಕೇಳುತ್ತಿರಲಿಲ್ಲ, ಅಪ್ಪ ಹೇಳುತ್ತಿರಲಿಲ್ಲ, ಕಾಲುಚೀಲ ಹರಿಯುತ್ತಿತ್ತು. ನಡುವೆ ಬಂದವನು ಬಸವರಾಜ.

ಬಸವರಾಜ ಗದಗಿನ ಜೋಡಿ ಊರಾದ ಬೆಟಗೇರಿಯವನು. ರೆಂಟನ್‌ನಲ್ಲಿ ಮನೆ, ವಿಮಾನದ ಬಿಡಿಭಾಗ ಪರೀಕ್ಷೆ ಮಾಡುವ ಕೆಲಸ. ಹೆಂಡತಿ ಶಿಲ್ಪಾ ಬೆಂಗಳೂರಿನವಳು, ಸಾಫ್ಟ್‌ವೇರಿನಲ್ಲಿದ್ದಾಳೆ. ಅವರಿಗೆ ಅವಳಿ ಗಂಡುಮಕ್ಕಳು. ದಿನ ತುಂಬುವ ಮೊದಲೇ ಹುಟ್ಟಿದವು. ದೊಡ್ಡವನು ಬೇಗ ಮನೆಗೆ ಬಂದ, ಚಿಕ್ಕವನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಬಹಳ ದಿನ ಇದ್ದ. ಅವನಿಗಾಗಿಯೇ ಹೆಸರಿಡುವುದನ್ನು ಮುಂದೆ ಹಾಕಿದ್ದರು. ಅವನೂ ಮನೆಗೆ ಬಂದ ಮೇಲೆ, ಬಸವರಾಜ ಕರೆಯಲೆಂದು ನಮ್ಮಲ್ಲಿಗೆ ಬಂದ. ಅಪ್ಪನನ್ನು ನೋಡಿ ಮಾತು ಮಾತಿನಲ್ಲಿ ಪ್ರೆಸ್ಸು ಯಾವುದೆಂದು ಕೇಳಿದವನು ಕುರ್ಚಿಯಿಂದ ಎದ್ದುಬಿಟ್ಟ.

"ಕಾಕಾ! ಲವಕುಶ ಪ್ರೆಸ್ಸಿನವರ ನೀವು? ನನ್ನ ಹೆಸರಿಡೋ ಕಾರ್ಡ್ ನಿಮ್ಮಲ್ಲೇ ಆಗಿದ್ದು. ನಮ್ಮವ್ವ ಇನ್ನೂ ಟ್ರಂಕಿನಾಗ ಇಟ್ಟಾಳ್ರೀ ಅದನ್ನ!"

ಅಪ್ಪನ ಮುಖ ಬೆಳಗಿತು. ಈ ದೇಶದಲ್ಲಿ ಅವರನ್ನು ಗುರುತು ಹಿಡಿದವನು ಇವನೊಬ್ಬನೇ. ನಾರ್ತ್ ಕ್ರೀಕ್ ಹಳ್ಳದ ಪಕ್ಕದ ಕಾಲುದಾರಿಯಲ್ಲಿ ದಿನಾ ವಾಕಿಂಗ್ ಹೋಗುವಾಗ ಎದುರಾದವರಿಗೆಲ್ಲ "ನಮಸ್ಕಾರ್ರೀ" ಎನ್ನುತ್ತಾರೆ, ಅವರೆಲ್ಲ "ಹಾಯ್" ಎಂದು ಮುಂದೆ ಹೋಗುತ್ತಾರೆ.

"ಕಾಕಾ, ಒಂದು ಕೇಳತೀನಿ, ಇಲ್ಲ ಅನಬಾರದು" ಎಂದ ಬಸವರಾಜ. "ಕಾರ್ಡೆಲ್ಲ ಈಗ ವಾಟ್ಸಾಪಿನಾಗ ಕಳಿಸಿಬಿಟ್ಟೀವಿ. ಆದರ ಅವತ್ತು ಎಲ್ಲಾರ ಮುಂದ ನೀವು ನಿಮ್ಮ ಕೈಲೆ ಲವಕುಶ ತಗದು ಕೊಡಬೇಕು. ದೊಡ್ಡ ಹಾಳಿ, ಸ್ಟ್ಯಾಂಡ್ ಎಲ್ಲಾ ನಾ ತರತೀನಿ. ಫ್ರೇಮ್ ಮಾಡಿ ಮಕ್ಕಳ ರೂಮಿನಾಗ ಹಾಕತೀವಿ."

ಅಪ್ಪ ನೆಲ ನೋಡಿದರು. ಇಲ್ಲ ಎನ್ನುತ್ತಾರೆ, ಕೈ ನಡುಗುತ್ತದೆ ಎನ್ನುತ್ತಾರೆ, ಕಣ್ಣು ಕಾಣುವುದಿಲ್ಲ ಎನ್ನುತ್ತಾರೆ ಎಂದು ಕಾದೆ.

"ಆತು" ಎಂದರು ಅಪ್ಪ.

ಆ ಎರಡು ವಾರ ನಾನು ಪಟ್ಟ ಪಾಡು ಬೇಡ. ದಾಸವಾಳ ತೆಗೆಯಲಾಗದ ಮನುಷ್ಯ ಅರವತ್ತು ಜನರ ಮುಂದೆ ಮಾರ್ಕರ್ ಹಿಡಿದು ನಿಂತರೆ ಏನಾಗುತ್ತದೆ? ಒಂದು ಗೆರೆ ಎಳೆದರೆ ಗೊತ್ತಾಗಿಬಿಡುತ್ತದೆ. ಯಾರೋ ವಿಡಿಯೋ ಮಾಡುತ್ತಾರೆ, ಅದು ಗದಗಿಗೆ ಹೋಗುತ್ತದೆ, ಇಡೀ ಆಯುಷ್ಯದ ಹೆಸರು ಅವತ್ತೇ ಮಣ್ಣುಪಾಲು. ಯಜಮಾನರಿಗೆ ಹೇಳಿದೆ.

"ಅಪ್ಪನ್ನೇ ನೇರವಾಗಿ ಕೇಳಿಬಿಡು. ಇಲ್ಲಾಂದ್ರೆ ಅವತ್ತು ಜ್ವರ ಅಂತ ಹೇಳೋಣ" ಎಂದರು ಅವರು. "ನನಗೇ ಜ್ವರ ಬರಿಸ್ಕೋತೀನಿ ಬೇಕಾದ್ರೆ."

ನೇರವಾಗಿ ಕೇಳುವ ಜಾತಿ ನನ್ನದಲ್ಲ. ಲೈಬ್ರರಿಯಿಂದ ಇಟಲಿ ಮಾಸ್ತರನ ಚಿತ್ರಗಳ ದೊಡ್ಡ ಪುಸ್ತಕ ತಂದು, ಆ ಪುಟ ತೆರೆದು, ಊಟದ ಟೇಬಲ್ಲಿನ ಮೇಲೆ ಮರೆತವಳಂತೆ ಇಟ್ಟೆ. ಮರೆತವರು ಪುಟಕ್ಕೆ ಉಪ್ಪಿನ ಡಬ್ಬಿ ಹೇರಿ ಹೋಗುವುದಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

ಅಪ್ಪ ಬಂದು ಕುಳಿತರು. ಮೊದಲು ಕಾಗದವನ್ನು ಬೆರಳಿನ ನಡುವೆ ತಿಕ್ಕಿ ನೋಡಿದರು. "ಆರ್ಟ್ ಪೇಪರ್. ಬಣ್ಣ ಎಲ್ಲೂ ಸರದಿಲ್ಲ, ಛಂದ ಕುಂತಾವ" ಎಂದರು. ಆಮೇಲೆ ಕೆಳಗಿನ ಇಬ್ಬರು ಮಕ್ಕಳ ಮೇಲೆ ಬೆರಳಿಟ್ಟರು. ಬೆರಳು ನಿಧಾನಕ್ಕೆ ಮೇಲೆ ಸರಿಯಿತು, ಮೋಡ ದಾಟಿತು, ಪಾದ ದಾಟಿತು.

"ಮ್ಯಾಲೆ ತಾಯಿ ಅದಾಳಲ್ಲ!" ಎಂದರು.

ನಾನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ.

"ಇಷ್ಟ ವರ್ಷ ಇವು ಏನ ನೋಡಾಕತ್ತಾವ ಅಂತ ಗೊತ್ತಿರಲಿಲ್ಲ ನೋಡ. ನಾವು ಬರೇ ಕೆಳಗಿಂದಷ್ಟ ಇಟಗೊಂಡಿದ್ವಿ." ಪುಸ್ತಕ ಮುಚ್ಚಿದರು. "ಚಹಾ ಮಾಡತಿಯೇನು?"

ಚಹಾ ಮಾಡಿದೆ. ಅವರು ಕುಡಿದು, ಕಪ್ಪು ತೊಳೆದಿಟ್ಟು ಎದ್ದುಹೋದರು. ನನಗೆ ತಿಳಿದಿದೆ ಎಂದು ಅವರಿಗೆ ತಿಳಿಯಿತು, ಅಷ್ಟು ಮಾತ್ರ ಖಾತ್ರಿಯಾಯಿತು. ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅವರ ಮೇಲೆ ಸಿಟ್ಟಿಗೋ, ಅವರ ಪಾಡಿಗೋ ಈಗ ನೆನಪಿಲ್ಲ, ಎರಡಕ್ಕೂ ಇರಬೇಕು.

ಹೆಸರಿಡುವ ದಿನ ಭಾನುವಾರ. ರೆಂಟನ್‌ಗೆ ಹೋಗುವಾಗ 405 ಹೆದ್ದಾರಿಯಲ್ಲಿ ಎಂದಿನಂತೆ ಕಾರುಗಳು ಇಂಚಿಂಚು ಸರಿಯುತ್ತಿದ್ದವು. ಅಪ್ಪ ಬಿಳಿ ಜುಬ್ಬಾ ಹಾಕಿಕೊಂಡು ಪಕ್ಕದಲ್ಲಿ ಕುಳಿತು, ಅಂಗಡಿಗಳ ಬೋರ್ಡು ನೋಡುತ್ತ, ಯಾವ ಅಕ್ಷರ ಯಾವುದರಿಂದ ಹೆಚ್ಚು ದೂರ ಕುಳಿತಿದೆ ಎಂದು ತಪ್ಪು ಎಣಿಸುತ್ತಿದ್ದರು. "ಅಪ್ಪಾ, ಬೇಕಾದರ ತಿರುಗಿ ಹೋಗೂಣು" ಎಂದೆ. "ಊಟಾ ಬಿಟ್ಟ?" ಎಂದರು.

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ತುಂಬಿತ್ತು. ಎರಡು ತೊಟ್ಟಿಲು, ಹೂವಿನ ಸರ. ತೊಟ್ಟಿಲುಗಳ ಹಿಂದಿನ ಗೋಡೆಗೆ ಅಲಂಕಾರ ಮಾಡಿದವರು ಇಂಟರ್‌ನೆಟ್ಟಿನಿಂದ ಇಳಿಸಿದ ಅದೇ ಮಕ್ಕಳ ದೊಡ್ಡ ಪ್ರಿಂಟ್ ಅಂಟಿಸಿದ್ದರು. ಇಟಲಿ ಮಾಸ್ತರ ಮಾಡಿದಂತೆಯೇ, ರೆಕ್ಕೆ ಸಮೇತ. ಅದರ ಪಕ್ಕದಲ್ಲಿ ಸ್ಟ್ಯಾಂಡು, ಬಿಳಿ ಹಾಳೆ. ಹೆಂಗಸರು ಜೋಗುಳ ಹೇಳಿದರು, ಕಿವಿಯಲ್ಲಿ ಹೆಸರು ಹೇಳಿದ್ದಾಯಿತು. ದೊಡ್ಡವನು ಕಿರುಚಿದ. ಚಿಕ್ಕವನನ್ನು ಶಿಲ್ಪಾ ತೊಟ್ಟಿಲಲ್ಲಿ ಹೆಚ್ಚು ಹೊತ್ತು ಬಿಡದೆ ಎದೆಗೆ ಎತ್ತಿಕೊಂಡಳು. ಅಂಗಿಯ ತೋಳಿನೊಳಗೆ ಅವನ ಕೈ ಕಾಣುತ್ತಲೇ ಇರಲಿಲ್ಲ.

ಬಸವರಾಜ ಮೈಕ್ ಹಿಡಿದ. ಅಪ್ಪನ ಬಗ್ಗೆ ಐದು ನಿಮಿಷ ಮಾತಾಡಿ, ಶಾಲು ಹೊದೆಸಿ, ಮಾರ್ಕರ್ ಕೈಗೆ ಕೊಟ್ಟ. ಜನ ಫೋನ್ ಎತ್ತಿ ಹಿಡಿದರು.

ಅಪ್ಪ ಹಾಳೆಯ ಮುಂದೆ ನಿಂತರು. ಮಾರ್ಕರಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಜನರ ಕಡೆ ತಿರುಗಿದರು.

"ತಮ್ಮಾ, ನನಗ ಚಿತ್ರಾ ತಗೀಲಿಕ್ಕೆ ಬರೂದಿಲ್ಲ" ಎಂದರು.

ಯಾರೋ ನಕ್ಕರು, ವಿನಯ ಎಂದುಕೊಂಡು.

"ಖರೇನ ಬರೂದಿಲ್ಲ. ಆ ಬ್ಲಾಕು ನಾ ಮಾಡಿದ್ದಲ್ಲ. ಬೆಳಗಾವಿಯೊಳಗ ಒಂದ ಹಳೇ ಪ್ರೆಸ್ಸು ಮುಚ್ಚಿತು, ಅವರ ಮಷೀನು ತಗೊಂಡಾಗ ಪೆಟ್ಟಿಗೀಯೊಳಗ ಬಂದದ್ದು. ಇಟಲಿ ದೇಶದ ಒಬ್ಬ ಮಾಸ್ತರ ತಗದದ್ದಂತ. ಅದು ನನಗ ಮೊನ್ನೆ, ಮಗಳು ಪುಸ್ತಕದ ಮ್ಯಾಲೆ ಉಪ್ಪಿನ ಡಬ್ಬಿ ಇಟ್ಟಾಗ ತಿಳೀತು."

ಅರವತ್ತು ಜನ ನನ್ನನ್ನು ನೋಡಿದರು. ಉಪ್ಪಿನ ಡಬ್ಬಿಯ ಅರ್ಥ ಯಾರಿಗೂ ಆಗಲಿಲ್ಲ, ದೇವರ ದಯೆ.

"ಹಂಗಾರ ಕಾಕಾ, ನೀವ ತಗದದ್ದು ಅಂತ ಊರೆಲ್ಲಾ..." ಎಂದ ಬಸವರಾಜ. ಅವನ ದನಿ ಸಣ್ಣದಾಗಿತ್ತು.

"ತಗದೇನಿ. ಚಿತ್ರಾ ಅಲ್ಲ, ರೆಕ್ಕಿ ತಗದೇನಿ." ಅಪ್ಪ ಗೋಡೆಯ ಪ್ರಿಂಟಿನ ಕಡೆ ಕೈ ಮಾಡಿದರು. "ಬಂದಾಗ ಹಿಂಗ ರೆಕ್ಕಿ ಇದ್ದವು. ಒಬ್ಬಾಕಿ ಮುದುಕಿ ಮೊಮ್ಮಗನ ಹೆಸರಿಡೋ ಕಾರ್ಡ್ ಮಾಡಸಾಕ ಬಂದಿದ್ಲು. ಮಾದರಿ ತೋರಿಸಿದೆ. ಆಕಿ ನೋಡಿ, 'ಯಪ್ಪಾ, ರೆಕ್ಕಿ ಇರೂ ಕೂಸು ನಮಗ ಬ್ಯಾಡ. ಮೊದಲಿನ ಎರಡೂ ಹಾರಿ ಹೋಗ್ಯಾವ' ಅಂದ್ಲು. ಅಕಿನ್ನ ಕುಂದರಿಸಿ, ಅಲ್ಲೇ ತಗಡು ಸವಸೂ ಕಾನಸು ತಗೊಂಡು ರೆಕ್ಕಿ ತಿಕ್ಕಿದೆ. ಸತುವು ಒಂದ ಕೂದಲೆಳಿಯಷ್ಟು ಕೆಳಗಾದರ ಸಾಕು, ಮಸಿ ಹತ್ತೂದಿಲ್ಲ. ಅಚ್ಚು ಹೊಡದು ತೋರಿಸಿದೆ. 'ಈಗ ಲವಕುಶ ಆದವು ನೋಡ' ಅಂದ್ಲು ಮುದುಕಿ. ಹೆಸರು ಅಕಿದು, ಚಿತ್ರಾ ಮಾಸ್ತರದು. ನಂದು ಅಷ್ಟ."

ಚಿಕ್ಕ ಮಗು ಬಿಕ್ಕಿದ್ದು ಕೇಳಿಸಿತು.

"ಯಾರ ತಗದದ್ದು ಅಂತ ಮಂದಿ ಕೇಳಿದಾಗ ನಾನ ತಗದದ್ದು ಅಂದೆ. ಮೊದಲನೇ ಸಲ ರೆಕ್ಕಿ ಬಗ್ಗೆನ ಹೇಳಿದ್ದೆ. ಅವರು ಚಿತ್ರಾ ಅಂತ ತಿಳಕೊಂಡು ಭಾಳ ಹೊಗಳಿದರು. ಅಲ್ಲ ಅನ್ನೂ ಮನಸಾಗಲಿಲ್ಲ. ಆಮ್ಯಾಲೆ ಹೆಂಡತಿ ಮಕ್ಕಳೂ ಅದನ್ನ ನಂಬಿದರು. ತಪ್ಪಾತು."

ಅಪ್ಪ ಶಾಲನ್ನು ಹೆಗಲಿನಿಂದ ತೆಗೆದು, ಎಂದಿನಂತೆ ಅಂಚಿಗೆ ಅಂಚು ಕೂಡಿಸಿ ಮಡಚಿ, ಬಸವರಾಜನ ಕಡೆ ಚಾಚಿದರು.

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಒಬ್ಬರು ಫೋನ್ ಇಳಿಸಿದರು, ಇನ್ನೊಬ್ಬರು ಇಳಿಸಲಿಲ್ಲ. ನಾನು ಎದ್ದು ಅಪ್ಪನ ಪಕ್ಕಕ್ಕೆ ಹೋಗಿ ನಿಂತೆ. ನಾಚಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಇಷ್ಟು ಜನರ ಮುಂದೆ ಇಷ್ಟನ್ನು ಹೇಳಿದ ಮನುಷ್ಯ ನನ್ನ ಅಪ್ಪ ಎಂದು ಕೂಗಿ ಹೇಳಬೇಕು ಅನ್ನಿಸುತ್ತಿತ್ತು. ಅಪ್ಪನ ಕೈಯಲ್ಲಿ ಶಾಲು ಹಾಗೆಯೇ ಇತ್ತು.

ಆಗ ಶಿಲ್ಪಾ ಚಿಕ್ಕವನನ್ನು ಗಂಡನ ಕೈಗೆ ಕೊಟ್ಟಳು. ತೊಟ್ಟಿಲುಗಳ ಹಿಂದೆ ಹೋಗಿ, ಗೋಡೆಯ ಪ್ರಿಂಟನ್ನು ನಾಲ್ಕೂ ಮೂಲೆಯಿಂದ ಹುಷಾರಾಗಿ ಬಿಡಿಸಿ, ತಂದು ಮೇಜಿನ ಮೇಲೆ ಹರಡಿದಳು. ಮೂಲೆಯಲ್ಲಿದ್ದ ಮಕ್ಕಳ ಬಣ್ಣದ ಡಬ್ಬಿಯಿಂದ ತಪ್ಪು ಅಳಿಸುವ ಬಿಳಿ ಮಸಿಯ ಪೆನ್ನೊಂದನ್ನು ಹುಡುಕಿದಳು. ಆಸ್ಪತ್ರೆಯ ಚಾರ್ಟಿನ ಅಂಕಿಗಳನ್ನು ಡಾಕ್ಟರಿಗಿಂತ ಮೊದಲು ಓದಿ ವಾದ ಮಾಡುತ್ತಿದ್ದವಳು ಎಂದು ಅವಳಿಗೆ ಹೆಸರಿತ್ತು. ಅಂಥವಳು ಈಗ ಮೇಜಿನ ಹತ್ತಿರ ಕುರ್ಚಿ ಎಳೆದಿಟ್ಟಳು.

"ಅಂಕಲ್, ಕೂತ್ಕೊಳ್ಳಿ" ಎಂದಳು. ಪೆನ್ನನ್ನು ಅಪ್ಪನ ಮುಂದೆ ಇಟ್ಟಳು. "ಇವುಗಳ ರೆಕ್ಕೆ ತೆಗೀತೀರಾ?"

ಅಪ್ಪ ಅವಳ ಮುಖ ನೋಡಿದರು. ಕುಳಿತು, ಕನ್ನಡಕ ಸರಿಮಾಡಿಕೊಂಡು, ಪೆನ್ನಿನ ಮುಚ್ಚಳ ತೆಗೆದರು. ಗಲ್ಲಕ್ಕೆ ಕೈ ಕೊಟ್ಟವನ ಹೆಗಲಿನ ಹತ್ತಿರ ಪೆನ್ನು ಹೋಗಿತ್ತು. ಶಿಲ್ಪಾ ಅವರ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಇನ್ನೊಬ್ಬನ ಮೇಲೆ ಬೆರಳಿಟ್ಟಳು.

"ಮೊದ್ಲು ಚಿಕ್ಕೋನ್ದು" ಎಂದಳು.